ಎರಡು ಭಾಷೆಯ ಶಾಲೆ, ಮೂರನೇ ಭಾಷೆಯ ಮಕ್ಕಳು

ಕೆರಿಬಿಯನ್ ಅಂದರೇನು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರನ್ನೇ ಕೇಳಿ, ಎರಡು ಉತ್ತರ ಗ್ಯಾರಂಟಿ. ಒಂದು ಜಾಕ್ ಸ್ಪ್ಯಾರೋ. ಇನ್ನೊಂದು 2013ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಕ್ರಿಸ್ ಗೇಲ್ 66 ಬಾಲಿಗೆ ಹೊಡೆದ ಅಜೇಯ 175. ಗೇಲ್ ನಮಗೆ ಮನೆಯ ಮಗನಷ್ಟೇ ಹತ್ತಿರ. ಆದರೆ ಅವರು ಹುಟ್ಟಿ ಬೆಳೆದ ಜಮೈಕಾದಲ್ಲಿ ಜನ ಮನೆಯಲ್ಲಿ ಮಾತಾಡುವ ಭಾಷೆ ಯಾವುದು ಅಂತ ಕೇಳಿದರೆ ನಾವೆಲ್ಲ "ಇಂಗ್ಲಿಷ್ ತಾನೇ?" ಅಂತೀವಿ. ಅಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಪಾಟ್ವಾ. ಕೆರಿಬಿಯನ್ನಿನ ಹೆಚ್ಚಿನ ದ್ವೀಪಗಳ ಕಥೆ ಇದೇ. ಶಾಲೆಯ ಗೇಟಿನ ಹೊರಗೆ ಒಂದು ಭಾಷೆ, ಒಳಗೆ ಇನ್ನೊಂದು.

ಈ ಲೇಖನ ಆ ಗೇಟಿನ ಬಗ್ಗೆ. ಅದರಲ್ಲೂ ಗೇಟಿನ ಮೇಲೆ "ದ್ವಿಭಾಷಾ ಅಂತಾರಾಷ್ಟ್ರೀಯ ಶಾಲೆ" ಎಂಬ ಬೋರ್ಡು ಇರುವ ಖಾಸಗಿ ಶಾಲೆಗಳ ಬಗ್ಗೆ.

ಇಂಥ ಶಾಲೆಗಳು ಅಲ್ಲಿ ಹೊಸದೇನಲ್ಲ. ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಅಮೆರಿಕನ್ ಪದ್ಧತಿಯ ಯೂನಿಯನ್ ಸ್ಕೂಲ್ ಶುರುವಾದದ್ದು 1919ರಲ್ಲಿ. ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟೋ ಡೊಮಿಂಗೋದಲ್ಲಿ ಕ್ಯಾರಲ್ ಮಾರ್ಗನ್ ಸ್ಕೂಲ್ ಶುರುವಾದದ್ದು 1933ರಲ್ಲಿ. ರಾಯಭಾರ ಕಚೇರಿಯವರ ಮಕ್ಕಳು, ವಿದೇಶಿ ಕಂಪನಿಗಳ ಮ್ಯಾನೇಜರುಗಳ ಮಕ್ಕಳು, ಜೊತೆಗೆ ಊರಿನ ಶ್ರೀಮಂತರ ಮಕ್ಕಳು ಒಟ್ಟಿಗೆ ಓದುವ ಜಾಗಗಳು ಇವು. ಪಾಠ ಇಂಗ್ಲಿಷಿನಲ್ಲಿ, ಜೊತೆಗೆ ಸ್ಪ್ಯಾನಿಷೋ ಫ್ರೆಂಚೋ ಡಚ್ಚೋ ಇನ್ನೊಂದು ಭಾಷೆ. ಕೊನೆಗೆ ಅಮೆರಿಕನ್ ಹೈಸ್ಕೂಲ್ ಡಿಪ್ಲೊಮಾ ಅಥವಾ ಐಬಿ. ಅಲ್ಲಿಂದ ಮುಂದಕ್ಕೆ ಮಯಾಮಿ, ಟೊರಾಂಟೊ, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್. ಸಾಮಾನ್ಯ ಕುಟುಂಬಕ್ಕೆ ಈ ಶಾಲೆಗಳ ಫೀಸು ಎಟುಕುವುದಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಮಕ್ಕಳಿಗೆ ಎರಡು ಭಾಷೆ ಚೆನ್ನಾಗಿ ಬರಲಿ ಅನ್ನುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ನಮ್ಮ ಪ್ರಶ್ನೆ ಅದಲ್ಲ. ಪ್ರಶ್ನೆ ಇಷ್ಟೇ: *ಯಾವ* ಎರಡು?

ಸ್ಯಾಂಟೋ ಡೊಮಿಂಗೋದಲ್ಲಿ ಉತ್ತರ ಸುಲಭ. ಅಲ್ಲಿ ಬೀದಿಯಲ್ಲಿ, ಅಡುಗೆಮನೆಯಲ್ಲಿ, ಪಾರ್ಲಿಮೆಂಟಿನಲ್ಲಿ ಎಲ್ಲ ಕಡೆ ಸ್ಪ್ಯಾನಿಷ್. ಹಾಗಾಗಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಅಂದರೆ ಲೋಕದ ಭಾಷೆ ಒಂದು, ಮನೆಯ ಭಾಷೆ ಒಂದು. ನ್ಯಾಯವಾದ ಲೆಕ್ಕ. ಸೇಂಟ್ ಮಾರ್ಟಿನ್ ಇನ್ನೂ ಮಜವಾದ ಕೇಸು. ಪುಟ್ಟ ದ್ವೀಪ, ಅರ್ಧ ಫ್ರಾನ್ಸಿನದು, ಅರ್ಧ ಡಚ್ಚರದು. ಆದರೆ ಎರಡೂ ಕಡೆ ಊರವರ ಮನೆಮಾತು ಇಂಗ್ಲಿಷ್! ಅಲ್ಲಿ ಫ್ರೆಂಚ್ ಜೊತೆ ಇಂಗ್ಲಿಷ್ ಕಲಿಸಿದರೆ ಅದು ಮಗುವಿನ ಮನೆಮಾತನ್ನು ಶಾಲೆಯ ಒಳಗೆ ಕರೆದಂತೆಯೇ ಆಯಿತು.

ಈಗ ಹೈಟಿಗೆ ಬನ್ನಿ. ಅಲ್ಲಿ "ದ್ವಿಭಾಷಾ" ಅಂದರೆ ಸಾಮಾನ್ಯವಾಗಿ ಇಂಗ್ಲಿಷ್ ಮತ್ತು ಫ್ರೆಂಚ್. ಆದರೆ ಹೈಟಿಯ ಹೆಚ್ಚುಕಡಿಮೆ ಪ್ರತಿಯೊಬ್ಬರೂ ಮಾತಾಡುವ ಭಾಷೆ ಇವೆರಡೂ ಅಲ್ಲ, ಕ್ರೆಯೋಲ್. ಫ್ರೆಂಚ್ ಸರಾಗವಾಗಿ ಬರುವವರು ಅಲ್ಲಿ ಸಣ್ಣದೊಂದು ಪಾಲು ಅಷ್ಟೆ. ಅಂದರೆ ಎರಡು ಭಾಷೆಯ ಶಾಲೆ ಅಂತ ಬೋರ್ಡು ಹಾಕಿ, ದೇಶಕ್ಕೆ ದೇಶವೇ ಮಾತಾಡುವ ಭಾಷೆಯನ್ನು ಮೂರನೆಯದು ಮಾಡಿ ಗೇಟಿನ ಹೊರಗೆ ನಿಲ್ಲಿಸಿದ ಹಾಗೆ. ಈ ಲೆಕ್ಕ ನಮಗೆ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳ್ತೀವಿ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಕ್ರೆಯೋಲ್ ಅಂದರೆ ಒಡಕು ಫ್ರೆಂಚ್ ಅಲ್ಲ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದ ಜನ, ಕಬ್ಬಿನ ತೋಟಗಳ ನಡುವೆ, ಫ್ರೆಂಚ್ ಮೂಲದ ಪದಗಳನ್ನು ಹಿಡಿದು ತಮ್ಮದೇ ಆಗಿ ಬೆಳೆಸಿಕೊಂಡ ಪೂರ್ತಿ ಭಾಷೆ ಅದು. ಅದಕ್ಕೆ ಅದರದ್ದೇ ವ್ಯಾಕರಣ ಇದೆ. ಕ್ರಿಯಾಪದದ ರೂಪ ಬದಲಾಗುವುದಿಲ್ಲ, ಅದರ ಮುಂದೆ ಕಾಲ ಸೂಚಿಸುವ ಪುಟ್ಟ ಪದಗಳು ಬರುತ್ತವೆ. ಭೂತಕಾಲಕ್ಕೆ "ತೆ", ಈಗ ನಡೆಯುತ್ತಿರುವುದಕ್ಕೆ "ಆಪ್". ಫ್ರೆಂಚ್ ಕಲಿತವರಿಗೆ ಗೊತ್ತು, ಅಲ್ಲಿ ಬರೆಯುವುದೊಂದು, ಓದುವುದೊಂದು. ಕ್ರೆಯೋಲ್ ಬರವಣಿಗೆ ಹಾಗಲ್ಲ. 1980ರ ಹೊತ್ತಿಗೆ ಅಧಿಕೃತವಾದ ಅದರ ಕಾಗುಣಿತದಲ್ಲಿ ನಮ್ಮ ಕನ್ನಡದ ಹಾಗೆ ಬರೆದದ್ದನ್ನೇ ಓದುವುದು. ಓದು ಕಲಿಯುವ ಆರು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

1804ರಲ್ಲಿ ಹೈಟಿ ಸ್ವತಂತ್ರವಾಯಿತು. ಗುಲಾಮರೇ ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ ಕಟ್ಟಿದ ದೇಶ. ಆದರೆ ಫ್ರಾನ್ಸ್ ಹೋದರೂ ಫ್ರೆಂಚ್ ಹೋಗಲಿಲ್ಲ. ಕೋರ್ಟು, ಕಚೇರಿ, ಶಾಲೆ ಎಲ್ಲ ಫ್ರೆಂಚಿನಲ್ಲೇ ನಡೆದವು. ಶಾಲೆಯಲ್ಲಿ ಕ್ರೆಯೋಲ್ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ ಕೊಡುವ ಪದ್ಧತಿ ಬಹಳ ಕಾಲ ಇತ್ತು. ಇದನ್ನು ಓದಿ ನಮ್ಮಲ್ಲಿ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ ಅಂತ ಗೊತ್ತು. "ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್" ಎಂಬ ರೂಲ್ಸು ಇದ್ದ ಶಾಲೆಗಳಿಂದ ಬಂದವರು ನಮ್ಮ ಸಂಘದಲ್ಲೂ ಇದ್ದೀವಿ. ಹತ್ತು ಸಾವಿರ ಕಿಲೋಮೀಟರಿಗಿಂತ ದೂರದ ಎರಡು ಊರುಗಳಿಗೆ ಒಂದೇ ಐಡಿಯಾ ಹೊಳೆದದ್ದು ಹೇಗೋ!

1979ರಲ್ಲಿ ಹೈಟಿಯ ಶಿಕ್ಷಣ ಮಂತ್ರಿ ಜೋಸೆಫ್ ಬರ್ನಾರ್ಡ್ ಒಂದು ಸುಧಾರಣೆ ತಂದರು. ಮೊದಲ ನಾಲ್ಕು ವರ್ಷ ಪಾಠ ಕ್ರೆಯೋಲ್‌ನಲ್ಲಿ, ಫ್ರೆಂಚನ್ನು ಒಂದು ಭಾಷೆಯಾಗಿ ನಿಧಾನಕ್ಕೆ ಪರಿಚಯಿಸುವುದು. ಕಾಗದದ ಮೇಲೆ ತುಂಬಾ ಸರಳ. ಆದರೆ ಅಲ್ಲಿನ ಶಾಲೆಗಳಲ್ಲಿ ಬಹುಪಾಲು ಖಾಸಗಿ. ದುಡ್ಡಿದ್ದವರು ಮಕ್ಕಳನ್ನು ಫ್ರೆಂಚ್ ಶಾಲೆಗಳಲ್ಲೇ ಇಟ್ಟರು. ದುಡ್ಡಿಲ್ಲದವರು "ಓಹೋ, ನಮ್ಮ ಮಕ್ಕಳಿಗೆ ಮಾತ್ರ ಕ್ರೆಯೋಲ್, ಅವರ ಮಕ್ಕಳಿಗೆ ಫ್ರೆಂಚಾ?" ಅಂತ ಅನುಮಾನಪಟ್ಟರು. ಆ ಅನುಮಾನದಲ್ಲಿ ತಪ್ಪು ಹುಡುಕುವುದು ಕಷ್ಟ. 1987ರ ಸಂವಿಧಾನ ಕ್ರೆಯೋಲ್ ಭಾಷೆಯನ್ನು ಫ್ರೆಂಚ್ ಜೊತೆಗೆ ಅಧಿಕೃತ ಭಾಷೆ ಮಾಡಿತು, ಎಲ್ಲ ಹೈಟಿಯನ್ನರನ್ನು ಒಂದು ಮಾಡುವ ಭಾಷೆ ಅಂತಲೂ ಕರೆಯಿತು. ಆದರೂ ಶಾಲೆಗಳಲ್ಲಿ ಬದಲಾವಣೆ ಅರ್ಧಂಬರ್ಧವೇ ಉಳಿಯಿತು.

ಇಷ್ಟೇ ಆಗಿದ್ದರೆ ಇದು ಅಭಿಮಾನದ ವಿಷಯ, ಇಂಜಿನಿಯರಿಂಗ್ ಹುಡುಗರಿಗೆ ಏನಾಗಬೇಕು ಅಂತ ಬಿಟ್ಟುಬಿಡಬಹುದಿತ್ತು. ಆದರೆ 2010ರ ಜನವರಿ 12ರಂದು ಪೋರ್ಟ್-ಓ-ಪ್ರಿನ್ಸ್ ಬಳಿ ದೊಡ್ಡ ಭೂಕಂಪ ಆಯಿತು. ಸಹಾಯ ಕೇಳುವವರಿಗೆ 4636 ಎಂಬ ಎಸ್ಸೆಮ್ಮೆಸ್ ನಂಬರ್ ಕೊಟ್ಟರು. ಮೆಸೇಜುಗಳು ಬಂದವು. ಯಾವ ಭಾಷೆಯಲ್ಲಿ? ಹೆಚ್ಚಿನವು ಕ್ರೆಯೋಲ್‌ನಲ್ಲಿ. ಗೋಡೆಯ ಅಡಿಯಲ್ಲಿ ಸಿಕ್ಕಿಕೊಂಡವರು ಶಾಲೆಯಲ್ಲಿ ಕಲಿತ ವ್ಯಾಕರಣ ನೆನಪಿಸಿಕೊಂಡು ಟೈಪ್ ಮಾಡುವುದಿಲ್ಲವಲ್ಲ. ಹೊರಗಿಂದ ಬಂದ ರಕ್ಷಣಾ ತಂಡಗಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಬೇರೆ ಬೇರೆ ದೇಶಗಳಲ್ಲಿದ್ದ ಹೈಟಿಯನ್ನರು ಆನ್‌ಲೈನಿನಲ್ಲಿ ಸೇರಿ ಹಗಲು ರಾತ್ರಿ ಅನುವಾದ ಮಾಡಿದರು. ಮೈಕ್ರೋಸಾಫ್ಟ್‌ನ ಸಂಶೋಧಕರು ಕೆಲವೇ ದಿನಗಳಲ್ಲಿ ಕ್ರೆಯೋಲ್ ಅನುವಾದದ ಸಾಫ್ಟ್‌ವೇರ್ ಕಟ್ಟಿ ಹೊರಬಿಟ್ಟರು. ಶಾಲೆ ಹೊರಗೆ ನಿಲ್ಲಿಸಿದ ಭಾಷೆಯನ್ನು ಸರ್ವರಿನ ಒಳಗೆ ತರಾತುರಿಯಲ್ಲಿ ಕರೆದುಕೊಳ್ಳಬೇಕಾಯಿತು. ಭಾಷೆಯ ಡೇಟಾ ಇಲ್ಲ ಅಂದರೆ ಏನಾಗುತ್ತೆ ಅಂತ ಇದಕ್ಕಿಂತ ಚೆನ್ನಾಗಿ ಯಾವ ಎನ್‌ಎಲ್‌ಪಿ ಕ್ಲಾಸೂ ಹೇಳಲಾರದು.

ಅದೇ ವರ್ಷ ಇನ್ನೊಂದು ಕೆಲಸ ಶುರುವಾಯಿತು. ಮಿಶೆಲ್ ಡಿಗ್ರಾಫ್ ಎಂಬವರು ಹೈಟಿಯಲ್ಲಿ ಹುಟ್ಟಿ ಬೆಳೆದವರು. ಕ್ರೆಯೋಲ್‌ಗೆ ಜಾಗವೇ ಇಲ್ಲದ ಒಳ್ಳೆಯ ಶಾಲೆಯಲ್ಲೇ ಓದಿದವರು. ಅವರ ಪಿಎಚ್‌ಡಿ ಕಂಪ್ಯೂಟರ್ ಸೈನ್ಸಿನಲ್ಲಿ, ನಮ್ಮ ಸಿಎಸ್‌ಇ ಗೆಳೆಯರು ಗಮನಿಸಿ! ಮುಂದೆ ಎಂಐಟಿಯಲ್ಲಿ ಭಾಷಾವಿಜ್ಞಾನದ ಪ್ರೊಫೆಸರ್ ಆದವರು. ಅವರು ಮತ್ತು ಎಂಐಟಿಯ ವಿಜಯ್ ಕುಮಾರ್ ಸೇರಿ ಎಂಐಟಿ-ಹೈಟಿ ಇನಿಶಿಯೇಟಿವ್ ಶುರು ಮಾಡಿದರು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರವನ್ನು ಕ್ರೆಯೋಲ್‌ನಲ್ಲಿ, ಸಿಮ್ಯುಲೇಶನ್ ಮತ್ತು ಗುಂಪು ಚಟುವಟಿಕೆ ಇಟ್ಟುಕೊಂಡು ಕಲಿಸುವುದು, ಅದಕ್ಕೆ ಹೈಟಿಯ ಮೇಷ್ಟ್ರುಗಳನ್ನೇ ತಯಾರು ಮಾಡುವುದು. 2013ರಲ್ಲಿ ಹೈಟಿ ಸರ್ಕಾರವೂ ಎಂಐಟಿ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು.

ಇದರಲ್ಲಿ ನಮಗೆ ಮುಖ್ಯ ಅನಿಸಿದ್ದು ಭಾಷಾಪ್ರೇಮ ಅಲ್ಲ, ಪಾಠದ ವಿಧಾನ. ಮಗು ಪ್ರಶ್ನೆ ಕೇಳಬೇಕು, ಊಹೆ ಮಾಡಬೇಕು, "ಯಾಕೆ ಹೀಗಾಯ್ತು?" ಅಂತ ವಾದ ಮಾಡಬೇಕು. ಅರ್ಧಂಬರ್ಧ ಬರುವ ಭಾಷೆಯಲ್ಲಿ ವಾದ ಮಾಡಲು ಆಗುವುದಿಲ್ಲ. ಬಾಯಿಪಾಠ ಮಾತ್ರ ಆಗುತ್ತೆ. ಹೈಟಿಯ ಶಾಲೆಗಳ ದೊಡ್ಡ ಕಾಯಿಲೆ ಅಂತ ಡಿಗ್ರಾಫ್ ಹೇಳುತ್ತಾ ಬಂದಿರುವುದೂ ಇದನ್ನೇ: ಅರ್ಥವಾಗದ ಫ್ರೆಂಚ್ ಸಾಲುಗಳನ್ನು ಉರು ಹೊಡೆಯುವುದು.

ಹೈಟಿಯ ಲಾ ಗೊನಾವ್ ದ್ವೀಪದ ಗುಡ್ಡದ ಮೇಲೆ ಮತೆನ್ವಾ ಅಂತ ಒಂದು ಹಳ್ಳಿ. ಅಲ್ಲಿ 1996ರಲ್ಲಿ ಒಂದು ಸಮುದಾಯ ಶಾಲೆ ಶುರುವಾಯಿತು. ಅಂತಾರಾಷ್ಟ್ರೀಯ ಬೋರ್ಡಿಲ್ಲ. ಪಾಠ ಕ್ರೆಯೋಲ್‌ನಲ್ಲಿ, ಹೊಡೆತ ಇಲ್ಲ, ತರಕಾರಿ ತೋಟವೂ ಪಾಠದ ಭಾಗ. ಪುಸ್ತಕ ಇಲ್ಲ ಅಂತ ಕೈಕಟ್ಟಿ ಕೂರಲಿಲ್ಲ. ಮಕ್ಕಳೇ ತಮ್ಮ ಕಥೆಗಳನ್ನು ಬರೆದು, ಚಿತ್ರ ಬಿಡಿಸಿ, ಪುಸ್ತಕ ಮಾಡಿದರು. ಓದು ಕಲಿಯಲು ಅವೇ ಪುಸ್ತಕ. ಅಲ್ಲಿನ ಮಕ್ಕಳು ಓದುವುದರಲ್ಲಿ ಫ್ರೆಂಚಿನಲ್ಲಿ ಶುರು ಮಾಡಿದ ಅಕ್ಕಪಕ್ಕದ ಶಾಲೆಗಳ ಮಕ್ಕಳಿಗಿಂತ ಮುಂದಿದ್ದರು ಎಂಬುದನ್ನು ಡಿಗ್ರಾಫ್ ತಂಡ ಅಲ್ಲೇ ಕೂತು ದಾಖಲಿಸಿತು. ಫ್ರೆಂಚನ್ನೂ ಆ ಮಕ್ಕಳು ಕಲಿಯುತ್ತಾರೆ, ಆದರೆ ಓದು ಬಂದ ಮೇಲೆ. ನಮ್ಮ ದೃಷ್ಟಿಯಲ್ಲಿ ನಿಜವಾದ ದ್ವಿಭಾಷಾ ಶಾಲೆ ಇದು. ಗುಡ್ಡದ ಮೇಲಿದೆ, ಬ್ರೋಷರ್ ಇಲ್ಲ, ಅಷ್ಟೇ ವ್ಯತ್ಯಾಸ.

ಇದು ಹೈಟಿಯೊಂದರ ಕಥೆಯಲ್ಲ. ವೆನೆಜುವೆಲಾ ಕರಾವಳಿಯ ಬಳಿ ಕುರಸಾವೋ ಎಂಬ ದ್ವೀಪ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಒಂದು ಜಿಲ್ಲಾ ಕೇಂದ್ರದಲ್ಲೂ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. ಅಲ್ಲಿನ ಮನೆಮಾತು ಪಾಪಿಯಾಮೆಂಟು. ಪಕ್ಕದ ಅರೂಬಾ, ಬೊನೇರ್ ಎಲ್ಲ ಸೇರಿಸಿದರೂ ಮಾತಾಡುವವರು ಮೂರು ಲಕ್ಷದ ಆಸುಪಾಸು. ಆದರೂ 1775ರಷ್ಟು ಹಳೆಯ ಪಾಪಿಯಾಮೆಂಟು ಪತ್ರ ಸಿಕ್ಕಿದೆ. ಪೇಪರ್, ರೇಡಿಯೋ, ಪಾರ್ಲಿಮೆಂಟು ಎಲ್ಲ ಆ ಭಾಷೆಯಲ್ಲೇ ನಡೆಯುತ್ತೆ. ಶಾಲೆ ಮಾತ್ರ ಬಹಳ ಕಾಲ ಡಚ್ ಆಗಿತ್ತು. 1987ರಲ್ಲಿ ಕಾದಂಬರಿಕಾರ ಫ್ರಾಂಕ್ ಮಾರ್ಟಿನಸ್ ಏರಿಯನ್ ಕೆಲವರನ್ನು ಜೊತೆ ಸೇರಿಸಿ ಕೊಲೆಹಿಯೊ ಎರಾಸ್ಮೊ ಎಂಬ ಪಾಪಿಯಾಮೆಂಟು ಮಾಧ್ಯಮದ ಶಾಲೆ ತೆರೆದರು. ಅವರು ಡಚ್ ಭಾಷೆಯಲ್ಲಿ ಬರೆದು ನೆದರ್‌ಲ್ಯಾಂಡ್ಸ್‌ನಲ್ಲೇ ಹೆಸರು ಮಾಡಿದವರು. ಡಚ್ ಬರದವರ ಹೊಟ್ಟೆಕಿಚ್ಚು ಅಂತ ಯಾರೂ ಹೇಳುವ ಹಾಗಿರಲಿಲ್ಲ. 2007ರಲ್ಲಿ ಪಾಪಿಯಾಮೆಂಟು ಕೂಡ ಅಧಿಕೃತ ಭಾಷೆಯಾಯಿತು.

ಇನ್ನು ಪೋರ್ಟೊ ರಿಕೊ. 1898ರಲ್ಲಿ ಅಮೆರಿಕ ಆ ದ್ವೀಪವನ್ನು ಸ್ಪೇನಿನಿಂದ ವಶಪಡಿಸಿಕೊಂಡ ಮೇಲೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ತುಂಬಲು ಬಗೆಬಗೆಯ ಪ್ರಯೋಗ ಮಾಡಿತು. ಅರ್ಧ ಶತಮಾನದ ಜಗ್ಗಾಟದ ನಂತರ 1949ರಲ್ಲಿ ಸ್ಪ್ಯಾನಿಷ್ ಮತ್ತೆ ಬೋಧನಾ ಮಾಧ್ಯಮವಾಯಿತು, ಇಂಗ್ಲಿಷ್ ಒಂದು ವಿಷಯವಾಗಿ ಉಳಿಯಿತು. ಸ್ಪ್ಯಾನಿಷ್ ಹಿಂದೆ ದೊಡ್ಡ ಲೋಕವೇ ಇತ್ತು, ಪುಸ್ತಕ ಇತ್ತು, ಯೂನಿವರ್ಸಿಟಿ ಇತ್ತು. ಅದಕ್ಕೆ ಗೆದ್ದಿತು. ಕ್ರೆಯೋಲ್, ಪಾಪಿಯಾಮೆಂಟುಗಳ ಹಿಂದೆ ಅದನ್ನು ಮಾತಾಡುವ ಜನ ಬಿಟ್ಟರೆ ಬೇರೆ ಯಾರೂ ಇಲ್ಲ.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಬಂದೇ ಬರುತ್ತೆ, ಅದು ಸಣ್ಣ ಆಕ್ಷೇಪ ಅಲ್ಲ. "ಇದೆಲ್ಲ ಸರಿ ಸ್ವಾಮಿ, ಆದರೆ ಆ ಮಗು ಮುಂದೆ ಓದೋದು ಎಲ್ಲಿ? ಒಂದೂವರೆ ಲಕ್ಷ ಜನರ ದ್ವೀಪದಲ್ಲಿ ಎಷ್ಟು ಕೆಲಸ ಇದೆ? ಪಾಪಿಯಾಮೆಂಟುವಿನಲ್ಲಿ ಥರ್ಮೋಡೈನಮಿಕ್ಸ್ ಪುಸ್ತಕ ಇದೆಯಾ?" ಅಂತ. ಮಗುವನ್ನು ಇಂಟರ್‌ನ್ಯಾಷನಲ್ ಶಾಲೆಗೆ ಸೇರಿಸುವ ಅಪ್ಪ ಅಮ್ಮ ದಡ್ಡರಲ್ಲ. ಅವರು ಮಗುವಿಗೆ ವೀಸಾ ಕೊಡುತ್ತಿದ್ದಾರೆ, ಭಾಷೆಯ ರೂಪದಲ್ಲಿ. ಕುರಸಾವೋದಲ್ಲೂ ಪಾಪಿಯಾಮೆಂಟು ಮಾಧ್ಯಮ ಅಂದಾಗ ಹಿಂದೇಟು ಹಾಕಿದವರಲ್ಲಿ ಅದೇ ಭಾಷೆ ಮಾತಾಡುವ ಪೋಷಕರೂ ಇದ್ದರು. ನಮ್ಮಲ್ಲೂ ಹಾಗೇ ತಾನೇ? ಒಂದರಿಂದ ನಾಲ್ಕನೇ ತರಗತಿಯವರೆಗೆ ಕನ್ನಡ ಮಾಧ್ಯಮ ಎಂಬ 1994ರ ಕರ್ನಾಟಕ ಸರ್ಕಾರದ ಆದೇಶ ಸುಪ್ರೀಂ ಕೋರ್ಟಿನ ತನಕ ಹೋಯಿತು. 2014ರಲ್ಲಿ ಕೋರ್ಟು ಮಾಧ್ಯಮದ ಆಯ್ಕೆ ಪೋಷಕರದ್ದು ಅಂದಿತು. ಇದನ್ನು ಬರೆಯುತ್ತಿರುವ ನಾವೇ ಆ ಆಯ್ಕೆಯ ಫಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಇಂಗ್ಲಿಷಿನಲ್ಲಿ ಎಂಟ್ರೆನ್ಸ್ ಬರೆದು ಇಲ್ಲಿ ಬಂದು ಕೂತಿದ್ದೀವಿ. ಹಾಗಿರುವಾಗ ಕೆರಿಬಿಯನ್ನಿನ ಯಾವುದೋ ಅಮ್ಮನಿಗೆ "ನಿನ್ನ ಮಗುವಿಗೆ ಇಂಗ್ಲಿಷ್ ಬೇಡ" ಅನ್ನುವ ಧೈರ್ಯ ನಮಗಿಲ್ಲ, ಅದು ನಮ್ಮ ವಾದವೂ ಅಲ್ಲ.

ನಮ್ಮ ವಾದ ಇದು. ಮಗುವಿಗೆ ಎರಡು ಭಾಷೆ ಕಲಿಸುವ ತಾಕತ್ತು, ದುಡ್ಡು, ತರಬೇತಿ ಪಡೆದ ಟೀಚರುಗಳು ಎಲ್ಲ ಇರುವ ಶಾಲೆಗೆ ಮೂರನೆಯದನ್ನು ಒಳಗೆ ಬಿಟ್ಟುಕೊಳ್ಳುವುದು ಕಷ್ಟವೇ ಅಲ್ಲ. ಸರ್ಕಾರಿ ಶಾಲೆಗೆ ಇಲ್ಲದ ಸೌಲಭ್ಯ ಅದಕ್ಕಿದೆ. ಐಬಿಯಲ್ಲೇ ಒಂದು ಕಿಟಕಿ ಇದೆ. ಶಾಲೆಯಲ್ಲಿ ಕಲಿಸುವವರಿಲ್ಲದಿದ್ದರೂ ಡಿಪ್ಲೊಮಾ ವಿದ್ಯಾರ್ಥಿ ತನ್ನ ಮಾತೃಭಾಷೆಯ ಸಾಹಿತ್ಯವನ್ನು ಸ್ವಂತ ಓದಿನ ಮೂಲಕ ಪರೀಕ್ಷೆಗೆ ತೆಗೆದುಕೊಳ್ಳುವ ಅವಕಾಶ. ಒಳ್ಳೆಯದೇ. ಆದರೆ ಗಮನಿಸಿ, ಮನೆಮಾತಿಗೆ ಸಿಕ್ಕಿದ್ದು ಸಾಹಿತ್ಯದ ಕೋಣೆ ಮಾತ್ರ. ಲ್ಯಾಬಿನ ಬೀಗ ತೆಗೆದಿಲ್ಲ. ಕಥೆ ಕವನಕ್ಕೆ ನಿಮ್ಮ ಭಾಷೆ, ಗಣಿತ ವಿಜ್ಞಾನಕ್ಕೆ ನಮ್ಮ ಭಾಷೆ. ಈ ಹಂಚಿಕೆಯೇ ನಮಗೆ ಅಪಾಯಕಾರಿ ಅನಿಸುವುದು. ಥರ್ಮೋಡೈನಮಿಕ್ಸ್ ಪುಸ್ತಕ ಇಲ್ಲ ಅಂತ ಭಾಷೆಯನ್ನು ಲ್ಯಾಬಿಗೆ ಸೇರಿಸಲ್ಲ. ಲ್ಯಾಬಿಗೆ ಸೇರಿಸಲ್ಲ ಅಂತ ಪುಸ್ತಕ ಹುಟ್ಟಲ್ಲ. ಸರ್ಕ್ಯುಲರ್ ಡಿಪೆಂಡೆನ್ಸಿ ಅಂದರೆ ಇದೇ, ಕಂಪೈಲ್ ಆಗೋದೇ ಇಲ್ಲ. ಎಲ್ಲಿಂದಾದರೂ ಒಂದು ಕಡೆ ಕತ್ತರಿಸಬೇಕು. ಡಿಗ್ರಾಫ್ ತಂಡ ಕತ್ತರಿಸಿದ್ದು ಅಲ್ಲಿ. ಮೊದಲು ಲ್ಯಾಬಿಗೆ ನುಗ್ಗಿದರು, ಪದಗಳು ಆಮೇಲೆ ಬಂದವು.

ಇನ್ನೊಂದು ಮಾತು. ಊರನ್ನು ನಡೆಸುವವರ ಮಕ್ಕಳು ಊರಿನ ಭಾಷೆಯಲ್ಲಿ ಓದದೇ ಬೆಳೆದರೆ ನಷ್ಟ ಆ ಮಕ್ಕಳಿಗಿಂತ ಊರಿಗೆ ಹೆಚ್ಚು. ನಾಳೆ ಅವರೇ ಡಾಕ್ಟರು, ಜಡ್ಜು, ಇಂಜಿನಿಯರು. ಭೂಕಂಪ ತಡೆಯುವ ಕಟ್ಟಡ ಹೇಗೆ ಕಟ್ಟಬೇಕು ಅಂತ ಅವರಿಗೆ ಗೊತ್ತಿರುತ್ತೆ. ಕಾಂಕ್ರೀಟ್ ಕಲಸುವ ಮೇಸ್ತ್ರಿಗೆ ಅದನ್ನು ಹೇಳುವ ಪದ ಗೊತ್ತಿರುವುದಿಲ್ಲ. ಕಂಬಿಗೆ ರಿಂಗು ಎಷ್ಟು ಹತ್ತಿರ ಕಟ್ಟಬೇಕು, ಯಾಕೆ ಕಟ್ಟಬೇಕು ಎಂಬುದು ಡ್ರಾಯಿಂಗಿನಲ್ಲಿ ಉಳಿದು ಗೋಡೆಗೆ ಇಳಿಯದಿದ್ದರೆ ಆ ಜ್ಞಾನ ಯಾರಿಗೆ?

ಸಿವಿಲ್ ಬ್ರಾಂಚಿನವರು ಇದನ್ನು ಓದಿ ನಗಬಹುದು. ಸೈಟಿನಲ್ಲಿ ಮೊದಲ ದಿನವೇ ಕಲಿಯುವ ಪಾಠ ಇದು. ಕ್ಲಾಸಿನಲ್ಲಿ ಇಂಗ್ಲಿಷ್ ಪಿಪಿಟಿ, ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಮಾತ್ರ "ಲೋ, ಇದು ಹಿಂಗೆ ಕಣೋ, ನೀರು ಟ್ಯಾಂಕಿಂದ ಕೆಳಗೆ ಬರಲ್ವಾ, ವೋಲ್ಟೇಜ್ ಅಂದ್ರೆ ಆ ಎತ್ತರ" ಅಂತ ಯಾರೋ ಹೇಳಿದಾಗಲೇ ತಲೆಗೆ ಹತ್ತುವುದು ನಮಗೆಲ್ಲ ಗೊತ್ತು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಾಗ ಬಹಳ ಜನ ನಕ್ಕರು. ಪೂರ್ತಿ ಡಿಗ್ರಿ ಕನ್ನಡದಲ್ಲಿ ಬೇಕೋ ಬೇಡವೋ ಎಂಬ ಜಗಳ ಇಲ್ಲಿ ಬೇಡ. ಆದರೆ ಹಾಸ್ಟೆಲ್ ರೂಮಿನಲ್ಲಿ ಆಗಲೇ ನಡೆಯುತ್ತಿರುವ ಆ ಕನ್ನಡ ಪಾಠ ರೂಮಿನಲ್ಲೇ ಸತ್ತುಹೋಗಬೇಕಾ? ಮತೆನ್ವಾದ ಮಕ್ಕಳು ಮಾಡಿದ್ದನ್ನು ನಾವು ಮಾಡಬಹುದು. ಪುಸ್ತಕ ಇಲ್ಲ ಅಂದರೆ ಬರೆಯುವುದು. ನಮ್ಮ ಸಂಘ ಈ ಸೆಮಿಸ್ಟರಿನಲ್ಲಿ ಪ್ರತಿ ಬ್ರಾಂಚಿನಿಂದ ಒಂದೇ ಒಂದು ಕಾನ್ಸೆಪ್ಟು ಆರಿಸಿ ಹತ್ತು ನಿಮಿಷದ ಕನ್ನಡ ವಿವರಣೆ ರೆಕಾರ್ಡ್ ಮಾಡಬಹುದು. ಕೊಲರಾಡೊ ಯೂನಿವರ್ಸಿಟಿಯ ಫೆಟ್ ಸಿಮ್ಯುಲೇಶನ್‌ಗಳನ್ನು ಸ್ವಯಂಸೇವಕರೇ ತಮ್ಮ ತಮ್ಮ ಭಾಷೆಗೆ ತರುತ್ತಾರೆ. ಎಂಐಟಿ-ಹೈಟಿಯವರು ಕ್ರೆಯೋಲ್‌ಗೆ ತಂದದ್ದರಲ್ಲಿ ಅವೂ ಇವೆ. ಆ ಸಾಲಿನಲ್ಲಿ ನಮ್ಮವರೂ ಕೂರಬಹುದು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವಷ್ಟೇ ಸಮಯ ಸಾಕು.

ಹೈಟಿಯಲ್ಲಿ ಒಂದು ಗಾದೆ ಇದೆ: "ಕ್ರೆಯೋಲ್ ಪಾಲೆ, ಕ್ರೆಯೋಲ್ ಕೊಂಪ್ರಾನ್". ಕ್ರೆಯೋಲ್‌ನಲ್ಲಿ ಹೇಳಿದರೆ ಕ್ರೆಯೋಲ್‌ನಲ್ಲೇ ಅರ್ಥವಾಗುತ್ತೆ. ಅಂದರೆ ನೇರವಾಗಿ ಹೇಳು, ನೇರವಾಗಿ ತಿಳಿಯುತ್ತೆ ಅಂತ. ಎರಡು ಭಾಷೆಯ ಬೋರ್ಡು ಹಾಕಿದ ಪ್ರತಿ ಶಾಲೆಗೂ ನಾವು ಕೇಳಬೇಕಾದ ನೇರ ಪ್ರಶ್ನೆ ಒಂದೇ: ಈ ಎರಡರಲ್ಲಿ, ನಿಮ್ಮ ಶಾಲೆಯ ಗೋಡೆ ಕಟ್ಟಿದವರ ಭಾಷೆ ಯಾವುದು?